ಬೌಲರ್ ಹ್ಯಾಟ್: ತಲೆಗೆ ಒಪ್ಪುವಂಥದ್ದನ್ನು ಆರಿಸಿ, ಹಾಕಿಕೊಂಡು, ಕಾಪಾಡಿಕೊಳ್ಳೋದು ಹೇಗೆ

ಬೌಲರ್ ಹ್ಯಾಟ್ ಕೊಳ್ಳುವ ಮುಂಚೆ ಒಂದು ವಿಷಯ ಗೊತ್ತಿರಲಿ. ಚಾರ್ಲಿ ಚಾಪ್ಲಿನ್ ತಲೆ ಮೇಲೆ ನೋಡಿದ್ದೀರಲ್ಲ, ಗುಂಡು ನೆತ್ತಿಯ ಆ ಹ್ಯಾಟ್, ಇದು ಗಟ್ಟಿ ಹ್ಯಾಟ್. ಫೆಡೋರಾ ತರಹದ ಮೆತ್ತನೆ ಹ್ಯಾಟುಗಳು ಸ್ವಲ್ಪ ದಿನ ಹಾಕಿಕೊಂಡರೆ ನಿಮ್ಮ ತಲೆಗೆ ಹೊಂದಿಕೊಳ್ಳುತ್ತವೆ. ಬೌಲರ್ ತನ್ನ ಆಕಾರ ಬಿಟ್ಟುಕೊಡುವುದಿಲ್ಲ. ನಿಮ್ಮ ತಲೆಗೆ ಅದು ಒಪ್ಪಿದರೆ ದಿನವಿಡೀ ಹಾಕಿಕೊಂಡರೂ ಗೊತ್ತಾಗಲ್ಲ. ಒಪ್ಪದಿದ್ದರೆ ಸ್ವಲ್ಪ ಹೊತ್ತಿಗೇ ಹಣೆ ನೋಯಲು ಶುರುವಾಗುತ್ತದೆ, ಬೇರೆಯವರ ಹೆಲ್ಮೆಟ್ ಹಾಕಿಕೊಂಡ ಹಾಗೆ. ಈ ಗಟ್ಟಿತನ ಎಲ್ಲಿಂದ ಬಂತು, ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹ್ಯಾಟ್ ಹೇಗೆ ಆರಿಸಬೇಕು, ಹೇಗೆ ಹಾಕಿಕೊಳ್ಳಬೇಕು, ನಮ್ಮ ಮಳೆ, ಬಿಸಿಲು, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಇವುಗಳ ನಡುವೆ ಅದನ್ನು ಹೇಗೆ ಉಳಿಸಿಕೊಳ್ಳಬೇಕು ಅನ್ನೋದನ್ನು ಒಂದೊಂದಾಗಿ ಹೇಳುತ್ತೇನೆ. ಕಥೆ ಬೇಡ, ಕೆಲಸದ ಮಾತು ಸಾಕು ಅನ್ನುವವರು ನೇರವಾಗಿ ಮೂರನೇ ಹೆಜ್ಜೆಗೆ ಹೋಗಬಹುದು. ಆದರೆ ಮೊದಲ ಎರಡನ್ನು ಓದಿಕೊಂಡರೆ ಮುಂದೆ ಹೇಳುವ ಪ್ರತಿಯೊಂದಕ್ಕೂ ಕಾರಣ ಸಿಗುತ್ತದೆ.

ಮೊದಲ ಹೆಜ್ಜೆ: ಇದು ಯಾರ ಹ್ಯಾಟ್ ಅಂತ ತಿಳಿದುಕೊಳ್ಳಿ

ಈಗ ನಾವು ಇದನ್ನು ಫಾರ್ಮಲ್ ಹ್ಯಾಟ್ ಅಂತೀವಿ. ಹುಟ್ಟಿದ್ದು ಮಾತ್ರ ಕಾಡು ಕಾಯುವವರಿಗಾಗಿ.

ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಹೋಕಮ್ ಅನ್ನುವ ದೊಡ್ಡ ಎಸ್ಟೇಟ್ ಇದೆ. ಅಲ್ಲಿ ಬೇಟೆಯ ಪ್ರಾಣಿ, ಹಕ್ಕಿಗಳನ್ನು ನೋಡಿಕೊಳ್ಳುವ ಕಾವಲುಗಾರರು ಆಗಿನ ಕಾಲಕ್ಕೆ ತಕ್ಕಂತೆ ಎತ್ತರದ ಟಾಪ್ ಹ್ಯಾಟ್ ಹಾಕುತ್ತಿದ್ದರು. ಕುದುರೆ ಮೇಲೆ ಮರಗಳ ಕೆಳಗೆ ಹೋಗುವಾಗ ಕೊಂಬೆಗೆ ತಗುಲಿ ಆ ಹ್ಯಾಟ್ ಕೆಳಗೆ ಬೀಳುತ್ತಿತ್ತು, ಹಾಳಾಗುತ್ತಿತ್ತು. ಎಸ್ಟೇಟಿನ ಮನೆತನದ ಎಡ್ವರ್ಡ್ ಕೋಕ್ ಅನ್ನುವವರು ಲಂಡನ್ನಿನ ಸೇಂಟ್ ಜೇಮ್ಸ್ ಸ್ಟ್ರೀಟಿನಲ್ಲಿರುವ ಲಾಕ್ ಅಂಡ್ ಕಂಪನಿ ಅಂಗಡಿಗೆ ಹೋದರು. ತಲೆಗೆ ಹತ್ತಿಕೊಂಡು ಕೂರುವ, ಎತ್ತರ ಕಡಿಮೆ ಇರುವ, ಪೆಟ್ಟು ತಡೆಯುವ ಗಟ್ಟಿ ಹ್ಯಾಟ್ ಬೇಕು ಅಂತ ಹೇಳಿದರು. 1676ರಲ್ಲಿ ಶುರುವಾದ ಆ ಅಂಗಡಿ ಇವತ್ತಿಗೂ ನಡೆಯುತ್ತಿದೆ. ಅಂಗಡಿಯವರು ಈ ಕೆಲಸವನ್ನು ಥೇಮ್ಸ್ ನದಿಯ ಆಚೆ ಸೌತ್‌ವರ್ಕ್‌ನಲ್ಲಿ ಹ್ಯಾಟ್ ತಯಾರಿಸುತ್ತಿದ್ದ ಥಾಮಸ್ ಮತ್ತು ವಿಲಿಯಮ್ ಬೌಲರ್ ಅವರಿಗೆ ಒಪ್ಪಿಸಿದರು. ಹ್ಯಾಟಿಗೆ ಆ ಹೆಸರು ಬಂದಿದ್ದು ಅವರಿಂದ.

1849ರ ಡಿಸೆಂಬರ್‌ನಲ್ಲಿ ಕೋಕ್ ಹ್ಯಾಟ್ ತೆಗೆದುಕೊಂಡು ಹೋಗಲು ಬಂದರು. ಅಂಗಡಿಯವರು ಹೇಳಿಕೊಂಡು ಬಂದಿರುವ ಪ್ರಕಾರ, ಕೋಕ್ ಅದನ್ನು ನೆಲದ ಮೇಲೆ ಇಟ್ಟು ಎರಡು ಸಲ ಕಾಲಿನಿಂದ ತುಳಿದರಂತೆ. ಹ್ಯಾಟ್ ತಡೆದುಕೊಂಡಿತು. 12 ಶಿಲಿಂಗ್ ಕೊಟ್ಟು ತೆಗೆದುಕೊಂಡು ಹೋದರು. ಲಾಕ್ ಅಂಗಡಿಯಲ್ಲಿ ಇವತ್ತಿಗೂ ಇದನ್ನು ಕೋಕ್ ಹ್ಯಾಟ್ ಅಂತಲೇ ಕರೆಯುತ್ತಾರೆ, ಆರ್ಡರ್ ಕೊಟ್ಟವರ ಹೆಸರಿನಲ್ಲಿ.

ಮುಂದಿನ ನೂರು ವರ್ಷದಲ್ಲಿ ಇದು ಹೋದ ದಾರಿ ನನಗೆ ತುಂಬಾ ಇಷ್ಟ. ಮೊದಲು ಕೆಲಸಗಾರರು ಹಾಕಿದರು, ಆಮೇಲೆ ಗುಮಾಸ್ತರು, ಆಮೇಲೆ ಬ್ಯಾಂಕಿನ ದೊಡ್ಡವರು. ಬೆಲ್‌ಫಾಸ್ಟ್, ಗ್ಲಾಸ್ಗೋ ಕಡೆಯ ಹಡಗು ಕಟ್ಟೆಗಳಲ್ಲಿ ಕೂಲಿಯವರು ಬಟ್ಟೆಯ ಕ್ಯಾಪ್ ಹಾಕಿದರೆ ಮೇಸ್ತ್ರಿ ಬೌಲರ್ ಹಾಕುತ್ತಿದ್ದ. ದೂರದಿಂದಲೇ ಮೇಸ್ತ್ರಿ ಬಂದ ಅಂತ ಗೊತ್ತಾಗುತ್ತಿತ್ತು. ಲಂಡನ್ ಸಿಟಿಯಲ್ಲಿ ಕರಿ ಸೂಟು, ಸುತ್ತಿದ ಛತ್ರಿ, ಬೌಲರ್ ಹ್ಯಾಟ್ ಹಾಕಿಕೊಂಡ ಆಫೀಸಿನ ಜನರನ್ನು 1960ರ ದಶಕದವರೆಗೂ ನೋಡಬಹುದಿತ್ತು.

ಅಮೆರಿಕಕ್ಕೆ ಹೋಗಿ ಇದು ಡರ್ಬಿ ಆಯಿತು. ನಾವು ಸಿನಿಮಾ ನೋಡಿ ಅಲ್ಲಿನ ಪಶ್ಚಿಮದ ಜನರೆಲ್ಲ ಅಗಲ ಅಂಚಿನ ಕೌಬಾಯ್ ಹ್ಯಾಟೇ ಹಾಕುತ್ತಿದ್ದರು ಅಂದುಕೊಂಡಿದ್ದೇವೆ ಅಲ್ವಾ? ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ 1900ರಲ್ಲಿ ತೆಗೆದ ಒಂದು ಹೆಸರಾದ ಫೋಟೋ ಇದೆ. ರೈಲು, ಬ್ಯಾಂಕು ದೋಚುತ್ತಿದ್ದ ಬುಚ್ ಕ್ಯಾಸಿಡಿ ಮತ್ತು ಅವನ ನಾಲ್ಕು ಜೊತೆಗಾರರು ಸೂಟು ಹಾಕಿ ಕೂತಿದ್ದಾರೆ, ನಿಂತಿದ್ದಾರೆ. ಐದೂ ಜನರ ತಲೆ ಮೇಲೆ ಡರ್ಬಿ. ಕುದುರೆ ಓಡಿಸುವಾಗ ಗಾಳಿಗೆ ಹಾರದ ಹ್ಯಾಟ್ ಬೇಕಿದ್ದರೆ ಅಗಲದ ಅಂಚಿಗಿಂತ ಇದೇ ವಾಸಿ.

ದಕ್ಷಿಣ ಅಮೆರಿಕದ ಬೊಲಿವಿಯಾದಲ್ಲಿ ಐಮಾರಾ ಮತ್ತು ಕೆಚುವಾ ಅನ್ನುವ ಮೂಲನಿವಾಸಿ ಜನಾಂಗದ ಹೆಂಗಸರು ಇದನ್ನು ತಮ್ಮದೇ ಮಾಡಿಕೊಂಡರು. ಅಲ್ಲಿ ಇದರ ಹೆಸರು ಬೊಂಬಿನ್. ರೈಲು ಕೆಲಸದ ಯುರೋಪಿನವರಿಗೆ ಅಂತ ತರಿಸಿದ ಹ್ಯಾಟುಗಳು ಚಿಕ್ಕದಾದವು, ವ್ಯಾಪಾರಿ ಅವನ್ನು ಹೆಂಗಸರಿಗೆ ಮಾರಿದ ಅಂತ ಒಂದು ಕಥೆ ಹೇಳುತ್ತಾರೆ. ಕಥೆ ಹೇಗೇ ಇರಲಿ, ಎರಡು ಉದ್ದ ಜಡೆ, ಹಲವು ಪದರದ ಲಂಗ, ಶಾಲು, ನೆತ್ತಿಯ ಮೇಲೆ ಪುಟ್ಟ ಬೊಂಬಿನ್, ಇದು ಅಲ್ಲಿನ ಗೌರವದ ಉಡುಗೆ. ನೈಜೀರಿಯಾದ ನೈಜರ್ ನದಿ ಮುಖಜ ಭೂಮಿಯ ಕಡೆಯ ಗಂಡಸರೂ ಹಬ್ಬ, ಮದುವೆಗಳಲ್ಲಿ ಉದ್ದ ಅಂಗಿಯ ಜೊತೆ ಬೌಲರ್ ಹಾಕುತ್ತಾರೆ.

ಚಾರ್ಲಿ ಚಾಪ್ಲಿನ್ 1914ರಲ್ಲಿ ತನ್ನ ಅಲೆಮಾರಿ ವೇಷ ಕಟ್ಟಿದಾಗ ಬಿಗಿಯಾದ ಕೋಟು, ದೊಗಳೆ ಪ್ಯಾಂಟು, ದೊಡ್ಡ ಶೂ, ತಲೆಗೆ ಚಿಕ್ಕದಾದ ಡರ್ಬಿ ಆರಿಸಿಕೊಂಡ. ಎಲ್ಲವೂ ಅಳತೆ ತಪ್ಪಿದ್ದು, ಬೇಕಂತಲೇ. ನಮ್ಮ ಶಾಲೆಗಳ ವೇಷಭೂಷಣ ಸ್ಪರ್ಧೆಗೆ ಈ ಹ್ಯಾಟ್ ಬಂದಿದ್ದು ಅವನಿಂದ. ಹಾಗಾಗಿ ನಮ್ಮ ಕಣ್ಣಿಗೆ ಅಭ್ಯಾಸ ಆಗಿರೋದು ಅಳತೆ ತಪ್ಪಿದ ಬೌಲರ್. ಇದನ್ನು ಮನಸ್ಸಿನಿಂದ ತೆಗೆದುಹಾಕಿ. ಸರಿಯಾಗಿ ಕೂತ ಬೌಲರ್ ಹಾಸ್ಯದ ವೇಷದ ಹಾಗೆ ಕಾಣುವುದಿಲ್ಲ, ತುಂಬಾ ಗಂಭೀರವಾಗಿ ಕಾಣುತ್ತದೆ.

ಎರಡನೇ ಹೆಜ್ಜೆ: ಅದರೊಳಗೆ ಏನಿದೆ ನೋಡಿ

ಒಳ್ಳೆಯ ಬೌಲರ್ ಅಂದರೆ ಫೆಲ್ಟ್ ಮತ್ತು ಅರಗು. ಇಷ್ಟೇ.

ಫೆಲ್ಟ್ ನೇಯ್ದ ಬಟ್ಟೆ ಅಲ್ಲ. ಮೊಲದ ಅಥವಾ ಅಂಥ ಪ್ರಾಣಿಯ ತುಪ್ಪಳವನ್ನು ಬಿಸಿನೀರು, ಹಬೆ, ಒತ್ತಡ ಕೊಟ್ಟು ಒಂದಕ್ಕೊಂದು ಹೆಣೆದುಕೊಳ್ಳುವ ಹಾಗೆ ಮಾಡುತ್ತಾರೆ. ಕಡಿಮೆ ಬೆಲೆಯದ್ದಕ್ಕೆ ಕುರಿ ಉಣ್ಣೆ ಬಳಸುತ್ತಾರೆ. ಈ ಫೆಲ್ಟಿಗೆ ಅರಗಿನ ದ್ರಾವಣ ಕುಡಿಸಿ, ಅಚ್ಚಿನ ಮೇಲೆ ಬಿಸಿ ಮಾಡಿ ಒತ್ತಿ, ಗುಂಡನೆ ಆಕಾರ ಕೊಡುತ್ತಾರೆ. ಆರಿದ ಮೇಲೆ ಅದು ಮರದ ಹಾಗೆ ಗಟ್ಟಿ.

ಈ ಅರಗು ನಮಗೆ ಗೊತ್ತಿರುವ ಅರಗೇ. ಚನ್ನಪಟ್ಟಣದ ಗೊಂಬೆಗಳಿಗೆ ಹಚ್ಚುವುದೂ ಇದನ್ನೇ. ಮರದ ಕೊಂಬೆಯಲ್ಲಿ ಕೂರುವ ಪುಟ್ಟ ಅರಗಿನ ಹುಳ ಕೊಡುವ ಅಂಟು ಇದು. ಈಗಲೂ ಜಾರ್ಖಂಡ್, ಛತ್ತೀಸ್‌ಗಢದ ಕಾಡಿನ ಜನ ಇದನ್ನು ಜಾಸ್ತಿ ಬೆಳೆಯುತ್ತಾರೆ. ಲಂಡನ್ನಿನ ಗೌರವಸ್ಥರ ತಲೆ ಮೇಲಿನ ಹ್ಯಾಟಿಗೆ ಗಟ್ಟಿತನ ಬಂದಿದ್ದು ನಮ್ಮ ದೇಶದ ಕಾಡಿನಲ್ಲೂ ಸಿಗುವ ಹುಳದ ಅರಗಿನಿಂದ ಅನ್ನೋದು ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ.

ಚನ್ನಪಟ್ಟಣದಲ್ಲಿ ಗೊಂಬೆ ಮಾಡುವುದನ್ನು ನೋಡಿದವರಿಗೆ ಅರಗಿನ ಗುಣ ಗೊತ್ತು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜುವ ಬಿಸಿಗೇ ಅದು ಕರಗಿ ಹರಡಿಕೊಳ್ಳುತ್ತದೆ. ಅಂದರೆ ಬಿಸಿಗೆ ಅರಗು ಮೆತ್ತಗಾಗುತ್ತದೆ. ಸ್ಪಿರಿಟ್‌ನಲ್ಲಿ ಕರಗುತ್ತದೆ. ಒಣಗಿ ಹಳೆಯದಾದರೆ ಬಿರುಕು ಬಿಡುತ್ತದೆ. ಈ ಮೂರು ಮಾತು ನೆನಪಿಟ್ಟುಕೊಳ್ಳಿ, ಕಾಪಾಡುವ ವಿಷಯಕ್ಕೆ ಬಂದಾಗ ಇವೇ ಮತ್ತೆ ಬರುತ್ತವೆ.

ಇನ್ನು ಭಾಗಗಳ ಹೆಸರು. ತಲೆಯನ್ನು ಮುಚ್ಚುವ ಗುಂಡು ಭಾಗ ಕ್ರೌನ್. ಸುತ್ತಲಿನ ಅಂಚು ಬ್ರಿಮ್, ಅದು ಎರಡೂ ಪಕ್ಕದಲ್ಲಿ ಮೇಲಕ್ಕೆ ಸುರುಳಿಯಾಗಿ, ಹಿಂದೆ ಮುಂದೆ ಸ್ವಲ್ಪ ಕೆಳಕ್ಕೆ ಬಾಗಿರುತ್ತದೆ. ಕ್ರೌನಿನ ಬುಡಕ್ಕೆ ರಿಬ್ಬನ್, ಅದರ ಗಂಟು ಎಡಗಡೆ. ಒಳಗೆ ಹಣೆಗೆ ತಾಗುವ ಚರ್ಮದ ಪಟ್ಟಿ ಸ್ವೆಟ್‌ಬ್ಯಾಂಡ್. ಕ್ರೌನಿನ ನಡುವೆ ಉದ್ದಕ್ಕೆ ತಗ್ಗು ಇದ್ದರೆ ಅದು ಬೌಲರ್ ಅಲ್ಲ, ಹೊಂಬರ್ಗ್. ಜರ್ಮನಿಯ ಬಾಡ್ ಹೊಂಬರ್ಗ್‌ನಿಂದ ಬಂದದ್ದು. ಇಂಗ್ಲೆಂಡಿನ ರಾಜ ಏಳನೇ ಎಡ್ವರ್ಡ್ ಯುವರಾಜನಾಗಿದ್ದಾಗ ಹಾಕಿ ಚಾಲ್ತಿಗೆ ತಂದ. ಅದೂ ಚೆನ್ನಾಗಿರುತ್ತದೆ, ಆದರೆ ಬೇರೆ ಹ್ಯಾಟ್.

ಮೂರನೇ ಹೆಜ್ಜೆ: ತಲೆಯ ಸುತ್ತಳತೆ, ಅದಕ್ಕಿಂತ ಮುಖ್ಯವಾಗಿ ತಲೆಯ ಆಕಾರ

ಟೈಲರ್ ಟೇಪು ತೆಗೆದುಕೊಳ್ಳಿ. ಹಣೆಯ ನಡುವಿನಿಂದ, ಕಿವಿಯ ಮೇಲೆ ಒಂದು ಬೆರಳು ಜಾಗ ಬಿಟ್ಟು, ಹಿಂದೆ ತಲೆ ಉಬ್ಬಿರುವ ಕಡೆಯ ಮೇಲೆ ಸುತ್ತಿ. ಬಿಗಿ ಎಳೆಯಬೇಡಿ. ಎರಡು ಮೂರು ಸಲ ಅಳೆದು ದೊಡ್ಡ ಅಳತೆಯನ್ನು ಇಟ್ಟುಕೊಳ್ಳಿ. ಕೂದಲು ಈಗ ಎಷ್ಟಿದೆಯೋ ಅಷ್ಟೇ ಇಟ್ಟುಕೊಂಡು ಅಳೆಯಿರಿ. ಮುಂದಿನ ವಾರ ಕಟಿಂಗ್ ಮಾಡಿಸುವವರಿದ್ದರೆ ಮಾಡಿಸಿಯೇ ಅಳೆಯಿರಿ, ದಟ್ಟ ಕೂದಲು ಇದ್ದವರಿಗೆ ವ್ಯತ್ಯಾಸ ಆಗುತ್ತದೆ.

57 ಸೆಂಟಿಮೀಟರ್ ಬಂದರೆ ಬ್ರಿಟಿಷ್ ಲೆಕ್ಕದಲ್ಲಿ ಸೈಜ್ 7, ಅಮೆರಿಕದ ಲೆಕ್ಕದಲ್ಲಿ 7⅛. 58 ಬಂದರೆ ಬ್ರಿಟಿಷ್ 7⅛, ಅಮೆರಿಕದ್ದು 7¼. ಎರಡಕ್ಕೂ ಎಂಟನೇ ಒಂದರಷ್ಟು ವ್ಯತ್ಯಾಸ ಇರುತ್ತದೆ, ಆರ್ಡರ್ ಮಾಡುವಾಗ ಯಾವ ದೇಶದ ಸೈಜ್ ಅಂತ ಕೇಳಿಕೊಳ್ಳಿ. ಎರಡು ಸೈಜುಗಳ ನಡುವೆ ಬಂದರೆ ದೊಡ್ಡದನ್ನೇ ತೆಗೆದುಕೊಳ್ಳಿ. ಸ್ವಲ್ಪ ಸಡಿಲ ಇದ್ದರೆ ಒಳಗೆ ಪಟ್ಟಿ ಇಟ್ಟು ಬಿಗಿ ಮಾಡಬಹುದು. ಬಿಗಿ ಇದ್ದದ್ದನ್ನು ಮನೆಯಲ್ಲಿ ಸಡಿಲ ಮಾಡಲು ಆಗುವುದಿಲ್ಲ.

ಈಗ ಆಕಾರ. ಇಬ್ಬರ ತಲೆ 57 ಸೆಂಟಿಮೀಟರ್ ಇರಬಹುದು, ಒಬ್ಬರದು ಹಿಂದೆ ಮುಂದೆ ಉದ್ದ, ಇನ್ನೊಬ್ಬರದು ಬಹುತೇಕ ದುಂಡು. ಒಂದೇ ಹ್ಯಾಟ್ ಇಬ್ಬರಿಗೂ ಕೂರುವುದಿಲ್ಲ. ಹಳೆಯ ಹ್ಯಾಟ್ ಅಂಗಡಿಗಳಲ್ಲಿ ಇದಕ್ಕೆಂದೇ ಕನ್ಫಾರ್ಮೇಟರ್ ಅನ್ನುವ ಸಾಧನ ಇದೆ. ಪ್ಯಾರಿಸ್‌ನಲ್ಲಿ 19ನೇ ಶತಮಾನದಲ್ಲಿ ಕಂಡುಹಿಡಿದದ್ದು. ತಲೆ ಮೇಲೆ ಕಿರೀಟದ ಹಾಗೆ ಇಡುತ್ತಾರೆ, ಸುತ್ತಲೂ ಇರುವ ಕಡ್ಡಿಗಳು ತಲೆಯ ಉಬ್ಬು ತಗ್ಗಿಗೆ ತಕ್ಕಂತೆ ಸರಿದುಕೊಳ್ಳುತ್ತವೆ, ಮೇಲಿನ ಮುಚ್ಚಳ ಒತ್ತಿದರೆ ಪುಟ್ಟ ಕಾಗದದ ಮೇಲೆ ಸೂಜಿ ತೂತುಗಳಲ್ಲಿ ತಲೆಯ ಆಕಾರ ಚಿಕ್ಕದಾಗಿ ಮೂಡುತ್ತದೆ. ಲಾಕ್ ಅಂಗಡಿಯಲ್ಲಿ ಹೆಸರಾಂತ ಗಿರಾಕಿಗಳ ತಲೆಯ ಆಕಾರದ ಕಾಗದಗಳನ್ನು ಚೌಕಟ್ಟು ಹಾಕಿ ಇಟ್ಟಿದ್ದಾರೆ. ಯಾವ ತಲೆಯೂ ಸರಿಯಾದ ಮೊಟ್ಟೆ ಆಕಾರದಲ್ಲಿ ಇಲ್ಲ, ಒಂದು ಕಡೆ ಉಬ್ಬು, ಇನ್ನೊಂದು ಕಡೆ ಚಪ್ಪಟೆ. ನಮ್ಮ ನಿಮ್ಮದೂ ಹಾಗೇ.

ಮನೆಯಲ್ಲಿ ಇದನ್ನು ಮಾಡೋದು ಕಷ್ಟವಲ್ಲ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಒಂದೇ ತಾಮ್ರದ ಎಳೆ ಇರುವ ದಪ್ಪ ವೈರ್ ಸಿಗುತ್ತದೆ, ಒಂದು ಮೀಟರ್ ಸಾಕು. ಟೇಪು ಸುತ್ತಿದ ಜಾಗದಲ್ಲೇ ಅದನ್ನು ತಲೆಗೆ ಸುತ್ತಿ, ಇನ್ನೊಬ್ಬರ ಕೈಯಲ್ಲಿ ಎಲ್ಲ ಕಡೆ ಮೆಲ್ಲಗೆ ಒತ್ತಿಸಿ. ಹಣೆಯ ನಡು ಎಲ್ಲಿ ಬಂತು, ತುದಿಗಳು ಎಲ್ಲಿ ಕೂಡಿದವು ಅಂತ ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕಿ. ಆಕಾರ ಕೆಡದ ಹಾಗೆ ಮೇಲಕ್ಕೆ ಎತ್ತಿ ತೆಗೆದು ರಟ್ಟಿನ ಮೇಲೆ ಇಟ್ಟು, ಒಳಗಡೆಯಿಂದ ಗೆರೆ ಎಳೆದು ಕತ್ತರಿಸಿ. ಈ ರಟ್ಟನ್ನು ಅಂಗಡಿಗೆ ತೆಗೆದುಕೊಂಡು ಹೋಗಿ, ಹ್ಯಾಟ್ ತಲೆಕೆಳಗು ಹಿಡಿದು ಒಳಗೆ ಇಟ್ಟು ನೋಡಿ. ಪಕ್ಕಗಳಲ್ಲಿ ಸಂದು ಬಿಟ್ಟು ಹಿಂದೆ ಮುಂದೆ ಒತ್ತುತ್ತಿದ್ದರೆ ನಿಮ್ಮದು ಉದ್ದ ತಲೆ, ಲಾಂಗ್ ಓವಲ್ ಕೇಳಿ. ಪಕ್ಕಗಳು ಒತ್ತಿ ಹಣೆ ಹತ್ತಿರ ಸಂದು ಉಳಿದರೆ ದುಂಡು ತಲೆ. ಆನ್‌ಲೈನ್ ಕೊಳ್ಳುವವರು ರಟ್ಟಿನ ಉದ್ದ, ಅಗಲ ಅಳೆದು ಮಾರುವವರಿಗೆ ಕಳಿಸಿ, ಹ್ಯಾಟಿನ ಒಳ ಅಳತೆ ಕೇಳಿ. ಒಳ್ಳೆಯ ಹ್ಯಾಟ್ ಮಾರುವವರು ಈ ಪ್ರಶ್ನೆಗೆ ಸಂತೋಷದಿಂದ ಉತ್ತರ ಕೊಡುತ್ತಾರೆ. ಉತ್ತರ ಕೊಡಲು ತಡಬಡಾಯಿಸಿದರೆ ಬೇರೆ ಕಡೆ ನೋಡಿ.

ನುರಿತವರ ಹತ್ತಿರ ಹೋದರೆ ಅವರು ಹ್ಯಾಟಿನ ಬುಡವನ್ನು ಬಿಸಿ ಮಾಡಿ, ಅರಗು ಮೆತ್ತಗಾದ ಕೂಡಲೇ ನಿಮ್ಮ ತಲೆಯ ಆಕಾರಕ್ಕೆ ಒತ್ತಿ, ಆರುವ ತನಕ ಹಿಡಿದುಕೊಳ್ಳುತ್ತಾರೆ. ಲಂಡನ್ ಕಡೆ ಇರುವವರು ಇದನ್ನು ಖಂಡಿತ ಮಾಡಿಸಿಕೊಳ್ಳಿ. ಮನೆಯಲ್ಲಿ ಕೈಯಿಂದ ಬಗ್ಗಿಸಲು ಹೋಗಬೇಡಿ.

ನಾಲ್ಕನೇ ಹೆಜ್ಜೆ: ಕೊಳ್ಳುವಾಗ ಪರೀಕ್ಷೆ

ಬೆರಳ ಗೆಣ್ಣಿನಿಂದ ಕ್ರೌನ್ ಮೇಲೆ ತಟ್ಟಿ. ಅರಗು ಕುಡಿಸಿದ ಒಳ್ಳೆಯ ಬೌಲರ್ ಟಕ್ ಟಕ್ ಅಂತ ಶಬ್ದ ಮಾಡುತ್ತದೆ. ಉಣ್ಣೆಯ ಮೆತ್ತನೆಯದು ದಪ್ ಅಂತ ಸುಮ್ಮನಾಗುತ್ತದೆ. ಹೆಬ್ಬೆರಳಲ್ಲಿ ಒತ್ತಿದರೆ ತಗ್ಗು ಬಿದ್ದರೆ ಅದು ಆಕಾರದಲ್ಲಿ ಮಾತ್ರ ಬೌಲರ್. ನಾಟಕಕ್ಕೆ, ಒಂದು ಫೋಟೋಗೆ ಅದು ಧಾರಾಳ ಸಾಕು, ದುಡ್ಡೂ ಉಳಿಯುತ್ತದೆ. ಸೂಟಿನ ಜೊತೆ ವರ್ಷಗಟ್ಟಲೆ ಹಾಕುವುದಾದರೆ ತುಪ್ಪಳದ ಫೆಲ್ಟೇ ಬೇಕು. ಅದನ್ನು ಸವರಿದರೆ ನುಣುಪು, ಬಿಸಿಲಿಗೆ ಹಿಡಿದರೆ ಮೇಲ್ಮೈ ಸಮ. ಉಣ್ಣೆಯದು ಒರಟು, ಬೇಗ ಗಂಟು ಏಳುತ್ತದೆ.

ಒಳಗೆ ನೋಡಿ. ಸ್ವೆಟ್‌ಬ್ಯಾಂಡ್ ಚರ್ಮದ್ದಾಗಿರಬೇಕು, ಹೊಲಿದಿರಬೇಕು, ಅಂಟಿಸಿರಬಾರದು. ಬ್ರಿಮ್‌ನ ತುದಿಗೆ ಕಟ್ಟಿದ ರಿಬ್ಬನ್ ಸುಕ್ಕಿಲ್ಲದೆ ಕೂತಿರಬೇಕು, ಸುರುಳಿಯ ಮೇಲೆ ರಿಬ್ಬನ್ ಸುಕ್ಕಿಲ್ಲದ ಹಾಗೆ ಕೂರಿಸೋದು ನಿಜವಾದ ಕೈಚಳಕ.

ಹಳೆಯ ಹ್ಯಾಟ್ ಕೊಳ್ಳುವವರಿಗೆ ಇನ್ನೂ ಕೆಲವು ಮಾತು. ಹ್ಯಾಟನ್ನು ಬಲ್ಬಿನ ಎದುರು ಎತ್ತಿ ಹಿಡಿದು ಒಳಗಿನಿಂದ ನೋಡಿ. ಹುಳ ತಿಂದಿದ್ದರೆ ಬೆಳಕು ಚುಕ್ಕೆ ಚುಕ್ಕೆಯಾಗಿ ಬರುತ್ತದೆ. ಕ್ರೌನು ಬ್ರಿಮ್ಮು ಸೇರುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು ಇದೆಯಾ ಹುಡುಕಿ, ಇದ್ದರೆ ಬಿಟ್ಟುಬಿಡಿ. ಅದು ಬೆಳೆಯುತ್ತದೆ, ಸರಿ ಮಾಡಲು ಆಗಲ್ಲ.

ಇನ್ನೊಂದು ದೊಡ್ಡ ಎಚ್ಚರಿಕೆ. ಹಿಂದಿನ ಕಾಲದಲ್ಲಿ ತುಪ್ಪಳ ಚೆನ್ನಾಗಿ ಹೆಣೆದುಕೊಳ್ಳಲಿ ಅಂತ ಪಾದರಸದ ಲವಣ ಹಚ್ಚುತ್ತಿದ್ದರು. ಹಬೆಯ ಜೊತೆ ಆ ಪಾದರಸ ಉಸಿರಾಡಿದ ಕಾರ್ಮಿಕರಿಗೆ ಕೈ ನಡುಕ, ಮಾತು ತೊದಲು, ಮನಸ್ಸಿನ ತೊಂದರೆ ಬರುತ್ತಿತ್ತು. ಅಮೆರಿಕದ ಕನೆಕ್ಟಿಕಟ್‌ನ ಡ್ಯಾನ್‌ಬರಿ ಹ್ಯಾಟಿಗೆ ಹೆಸರಾದ ಊರು. ಅಲ್ಲಿ ಈ ಕಾಯಿಲೆಯನ್ನು ಡ್ಯಾನ್‌ಬರಿ ನಡುಕ ಅಂತಲೇ ಕರೆಯುತ್ತಿದ್ದರು. ಅಮೆರಿಕದಲ್ಲಿ ಇದು ನಿಂತಿದ್ದು 1941ರಲ್ಲಿ. ಹಳೆಯ ಫೆಲ್ಟಿನಲ್ಲಿ ಆ ಪಾದರಸ ಇನ್ನೂ ಉಳಿದಿರಬಹುದು. ಅದಕ್ಕೇ ಮ್ಯೂಸಿಯಂಗಳಲ್ಲಿ ಅಂಥ ಹ್ಯಾಟುಗಳನ್ನು ಗವಸು ಹಾಕಿಕೊಂಡು ಮುಟ್ಟುತ್ತಾರೆ. ಆ ಕಾಲದ ಹಳೆಯ ಬೌಲರ್ ಸಿಕ್ಕಿದರೆ ಗಾಜಿನ ಪೆಟ್ಟಿಗೆಯಲ್ಲಿ ಇಡಿ. ತಲೆಗೆ ಹಾಕಬೇಡಿ, ಹಬೆ ಅಂತೂ ಕೊಡಲೇಬೇಡಿ. ಆ ಕೆಲಸಗಾರರ ಬಗ್ಗೆ ಓದಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ, ಹ್ಯಾಟಿನ ಇತಿಹಾಸ ಬರೆಯುವವರು ಅವರನ್ನು ಬಿಟ್ಟು ಮುಂದೆ ಹೋಗಬಾರದು.

ಐದನೇ ಹೆಜ್ಜೆ: ಹಾಕಿಕೊಳ್ಳೋದು

ಎರಡೂ ಕೈಯಿಂದ ಬ್ರಿಮ್‌ನ ಹಿಂದೆ ಮುಂದೆ ಹಿಡಿಯಿರಿ. ಮೊದಲು ಹಣೆಗೆ ಕೂರಿಸಿ, ಆಮೇಲೆ ಹಿಂಭಾಗ ಇಳಿಸಿ. ಹುಬ್ಬಿನಿಂದ ಎರಡು ಬೆರಳು ಮೇಲೆ ನಿಲ್ಲಬೇಕು. ಕಿವಿಗೆ ತಾಗಬಾರದು. ಬೌಲರ್ ನೇರ ಕೂರಬೇಕು. ಒಂದು ಪಕ್ಕಕ್ಕೆ ಒಂದು ಚೂರು ಓರೆ ಇದ್ದರೆ ಚೆಂದವೇ, ಆದರೆ ಹಿಂದಕ್ಕೆ ತಳ್ಳಿ ಹಣೆ ಪೂರ್ತಿ ಕಾಣುವ ಹಾಗೆ ಹಾಕಿದರೆ ಸೂಟಿನ ಗಾಂಭೀರ್ಯ ಹೋಗುತ್ತದೆ. ಹಾಕಿಕೊಂಡ ಮೇಲೆ ತಲೆ ಬಗ್ಗಿಸಿ ಶೂ ಲೇಸ್ ಕಟ್ಟಿ ನೋಡಿ. ಬೀಳಬಾರದು. ಹತ್ತು ನಿಮಿಷ ಬಿಟ್ಟು ತೆಗೆದು ಕನ್ನಡಿ ನೋಡಿ. ಹಣೆ ಮೇಲೆ ಕೆಂಪು ಗೆರೆ ಒಂದೇ ಕಡೆ ಗಾಢವಾಗಿದ್ದರೆ ಅಲ್ಲಿ ಒತ್ತುತ್ತಿದೆ ಅಂತ.

ಸಡಿಲ ಇದ್ದರೆ ಸ್ವೆಟ್‌ಬ್ಯಾಂಡ್ ಮಡಚಿ ಅದರ ಹಿಂದೆ ಫೋಮ್ ಪಟ್ಟಿ ಇಡಿ. ಸಂದು ಇರುವ ಕಡೆ ಮಾತ್ರ ಇಡಿ, ಸುತ್ತಲೂ ಬೇಡ. ಪಟ್ಟಿ ಸಿಗದಿದ್ದರೆ ಮಡಚಿದ ಟಿಶ್ಯೂ ಕಾಗದವೂ ಆಗುತ್ತದೆ.

ಮುಖಕ್ಕೆ ಒಪ್ಪುತ್ತಾ ಅಂತ ಕೇಳುವವರಿಗೆ: ಕ್ರೌನಿನ ಅಗಲ ನಿಮ್ಮ ಕೆನ್ನೆಮೂಳೆಗಳ ಅಗಲಕ್ಕಿಂತ ಕಡಿಮೆ ಕಾಣಬಾರದು, ಕಂಡರೆ ಚಾಪ್ಲಿನ್ ಆಗುತ್ತದೆ. ದುಂಡು ಮುಖದವರಿಗೆ ಸ್ವಲ್ಪ ಎತ್ತರದ ಕ್ರೌನ್, ಉದ್ದ ಮುಖದವರಿಗೆ ತಗ್ಗಿದ್ದು. ಹೆಂಗಸರು ಹಾಕುವುದಾದರೆ ತುರುಬು ಕೆಳಗೆ ಕಟ್ಟಿಕೊಳ್ಳಿ. ಮೆತ್ತನೆ ಹ್ಯಾಟಿಗೆ ಚುಚ್ಚುವ ಪಿನ್ನು ಇಲ್ಲಿ ಚುಚ್ಚಬಾರದು, ಅರಗು ಒಡೆಯುತ್ತದೆ.

ಯಾವ ಬಟ್ಟೆ ಜೊತೆ? ಕರಿ ಬೌಲರ್ ಗಾಢ ಬಣ್ಣದ ಸೂಟಿಗೆ. ತ್ರೀಪೀಸ್ ಆದರೆ ಇನ್ನೂ ಚೆಂದ. ಚಳಿ ದೇಶದಲ್ಲಿ ಮೇಲೆ ಓವರ್‌ಕೋಟ್, ಕೈಯಲ್ಲಿ ಸುತ್ತಿದ ಛತ್ರಿ. ಕಂದು ಬಣ್ಣದ ಬೌಲರ್ ಹಳ್ಳಿ, ಕುದುರೆ ಸವಾರಿ, ಟ್ವೀಡ್ ಕೋಟಿಗೆ. ಹಿಂದೆ ಬಾಲ ಇರುವ ಉದ್ದ ಕೋಟಿನ ಮಾರ್ನಿಂಗ್ ಡ್ರೆಸ್‌ಗೆ ಮಾತ್ರ ಬೌಲರ್ ಬೇಡ. ಅಲ್ಲಿ ಟಾಪ್ ಹ್ಯಾಟೇ. ರಾಯಲ್ ಆಸ್ಕಟ್ ಕುದುರೆ ರೇಸಿನ ರಾಯಲ್ ಎನ್‌ಕ್ಲೋಷರ್‌ನಲ್ಲಿ ಗಂಡಸರಿಗೆ ಇವತ್ತಿಗೂ ಟಾಪ್ ಹ್ಯಾಟ್ ನಿಯಮ ಇದೆ. ಬೌಲರ್ ಸರಿಯಾಗಿ ಹಾಕಿದ್ದು ನೋಡಬೇಕು ಅಂದರೆ ಪ್ರತಿ ಮೇ ತಿಂಗಳಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಡೆಯುವ ಅಶ್ವದಳದ ಸ್ಮಾರಕ ಪೆರೇಡಿನ ಫೋಟೋ ನೋಡಿ. ಹಾಲಿ, ನಿವೃತ್ತ ಅಧಿಕಾರಿಗಳು ಯೂನಿಫಾರ್ಮ್ ಬದಲು ಸೂಟು, ಬೌಲರ್, ಸುತ್ತಿದ ಛತ್ರಿಯಲ್ಲಿ ಸಾಲಾಗಿ ನಡೆಯುತ್ತಾರೆ. ಒಬ್ಬರ ಹ್ಯಾಟೂ ಹಿಂದಕ್ಕೆ ಜಾರಿರುವುದಿಲ್ಲ.

ನಮ್ಮ ಕಡೆಯ ಬಂದ್‌ಗಲಾ ಕೋಟು, ಕಚ್ಚೆ ಪಂಚೆಗೆ ಬೌಲರ್ ಹಾಕಬಹುದಾ ಅಂತ ಕೇಳಿದರೆ ನನ್ನ ಉತ್ತರ ಬೇಡ ಅಂತಲೇ. ಆ ಉಡುಗೆಗೆ ಮೈಸೂರು ಪೇಟ ಇದೆ, ಅದಕ್ಕಿಂತ ಚೆನ್ನಾಗಿ ಇನ್ನೊಂದು ಕೂರುವುದಿಲ್ಲ. ನೈಜೀರಿಯಾದವರು ಉದ್ದ ಅಂಗಿಗೆ ಹಾಕುತ್ತಾರಲ್ಲ ಅನ್ನಬಹುದು. ಅವರಿಗೆ ಅದು ಹಲವು ತಲೆಮಾರಿನ ರೂಢಿ, ಹಾಕಿ ಹಾಕಿ ಒಪ್ಪಿಸಿಕೊಂಡಿದ್ದಾರೆ.

ಇನ್ನು ನಡವಳಿಕೆ. ಮನೆ, ಊಟದ ಹಾಲ್, ಚರ್ಚು, ರಾಷ್ಟ್ರಗೀತೆ, ಇಲ್ಲೆಲ್ಲ ಹ್ಯಾಟ್ ತೆಗೆಯಬೇಕು. ರೈಲ್ವೆ ಸ್ಟೇಷನ್, ಅಂಗಡಿ ಬೀದಿಯಂಥ ಕಡೆ ಇರಲಿ. ತೆಗೆದು ಹಿಡಿದುಕೊಳ್ಳುವಾಗ ಒಳಭಾಗ ನಿಮ್ಮ ಕಡೆ ತಿರುಗಿರಲಿ, ಎದುರಿನವರಿಗೆ ನಿಮ್ಮ ಬೆವರಿನ ಪಟ್ಟಿ ಕಾಣಬಾರದು.

ಆರನೇ ಹೆಜ್ಜೆ: ನಮ್ಮ ಹವೆಯಲ್ಲಿ ಉಳಿಸಿಕೊಳ್ಳೋದು

ಅರಗಿನ ಮೂರು ಗುಣ ಹೇಳಿದ್ದೆ. ಬಿಸಿಗೆ ಮೆತ್ತಗಾಗುತ್ತದೆ, ಆದ್ದರಿಂದ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಹ್ಯಾಟ್ ಬಿಡಬೇಡಿ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಹಿಂದಿನ ಗಾಜಿನ ಕೆಳಗೆ ಇಟ್ಟರೆ ಬ್ರಿಮ್ ಸೊಟ್ಟ ಆಗೋದು ಖಂಡಿತ. ಸ್ಪಿರಿಟ್‌ಗೆ ಕರಗುತ್ತದೆ, ಆದ್ದರಿಂದ ಸ್ಯಾನಿಟೈಸರ್, ಸೆಂಟು, ಕಲೆ ತೆಗೆಯುವ ಸ್ಪ್ರೇ ಹತ್ತಿರಕ್ಕೂ ತರಬೇಡಿ. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡಿದ್ದರೆ ಪೂರ್ತಿ ಒಣಗಿದ ಮೇಲೆ ಹ್ಯಾಟ್ ಮುಟ್ಟಿ. ಬಿರುಕು ಬಿಡುತ್ತದೆ, ಆದ್ದರಿಂದ ಬ್ರಿಮ್ ಮೇಲೆ ಭಾರ ಹಾಕಬೇಡಿ, ಗೂಟಕ್ಕೆ ನೇತುಹಾಕಬೇಡಿ.

ಕೊಬ್ಬರಿ ಎಣ್ಣೆ ಹಚ್ಚಿದ ತಲೆಗೆ ಹ್ಯಾಟ್ ಬೇಡವೇ ಬೇಡ. ಎಣ್ಣೆ ಮೊದಲು ಚರ್ಮದ ಪಟ್ಟಿಗೆ ಇಳಿಯುತ್ತದೆ, ಅಲ್ಲಿಂದ ಫೆಲ್ಟಿಗೆ, ಆಮೇಲೆ ರಿಬ್ಬನ್ ಮೇಲೆ ಮಬ್ಬು ಕಲೆಯಾಗಿ ಹೊರಗೆ ಬರುತ್ತದೆ. ಆ ಕಲೆ ಬಂದಾಗ ಒಳಗೆ ಪೂರ್ತಿ ಕುಡಿದಾಗಿರುತ್ತದೆ. ಎಣ್ಣೆ ಈಗಷ್ಟೇ ತಾಗಿದ್ದರೆ ಸ್ವಲ್ಪ ಕಾರ್ನ್‌ಫ್ಲೋರ್ ಅಥವಾ ಮುಲ್ತಾನಿ ಮಿಟ್ಟಿ ಉದುರಿಸಿ, ರಾತ್ರಿ ಬಿಟ್ಟು, ಬೆಳಿಗ್ಗೆ ಬ್ರಷ್ ಮಾಡಿ. ಕರಿ ಫೆಲ್ಟಿನ ಮೇಲೆ ಬಿಳಿ ಉಳಿದುಕೊಳ್ಳುವುದರಿಂದ ಚಿಟಿಕೆಯಷ್ಟೇ ಹಾಕಿ. ಹ್ಯಾಟ್ ಹಾಕುವ ದಿನ ತಲೆ ತೊಳೆದುಕೊಂಡು ಒಣಗಿಸಿಕೊಳ್ಳಿ, ಇದಕ್ಕಿಂತ ಸುಲಭದ ದಾರಿ ಇಲ್ಲ.

ಪ್ರತಿ ಸಲ ಹಾಕಿದ ಮೇಲೆ ಮೆತ್ತನೆ ಬ್ರಷ್‌ನಿಂದ ಧೂಳು ತೆಗೆಯಿರಿ. ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಸುತ್ತುತ್ತಾ ಬನ್ನಿ, ತುಪ್ಪಳ ಆ ಕಡೆಗೇ ಮಲಗಿರುತ್ತದೆ. ಕರಿ ಹ್ಯಾಟಿಗೆ ಒಂದು ಬ್ರಷ್, ತಿಳಿ ಬಣ್ಣದ್ದಕ್ಕೆ ಬೇರೆ.

ಮಳೆಯಲ್ಲಿ ನೆನೆದರೆ ಗಾಬರಿ ಬೇಡ, ತುಪ್ಪಳದ ಫೆಲ್ಟ್ ಇಂಗ್ಲೆಂಡಿನ ಮಳೆ ನೋಡಿಯೇ ಬಂದಿದೆ. ನೀರು ಕೊಡವಿ, ಒಣ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ, ಉಜ್ಜಬೇಡಿ. ಸ್ವೆಟ್‌ಬ್ಯಾಂಡ್ ಹೊರಕ್ಕೆ ಮಡಚಿ, ಆ ಪಟ್ಟಿಯ ಮೇಲೇ ಹ್ಯಾಟ್ ನಿಲ್ಲಿಸಿ ಫ್ಯಾನಿನ ಗಾಳಿಗೆ ಬಿಡಿ. ಹೇರ್ ಡ್ರೈಯರ್, ಒಲೆ, ಬಿಸಿಲು ಯಾವುದೂ ಬೇಡ. ಪೂರ್ತಿ ಒಣಗಿದ ಮೇಲೆಯೇ ಬ್ರಷ್.

ಮಂಗಳೂರು, ಕಾರವಾರ, ಮಡಿಕೇರಿ ಕಡೆಯವರಿಗೆ ನಿಜವಾದ ಶತ್ರು ಬೂಷ್ಟು. ಜೂನ್ ಬಂತು ಅಂದರೆ ಹ್ಯಾಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಗಟ್ಟಿ ರಟ್ಟಿನ ಡಬ್ಬದಲ್ಲಿ, ಕ್ರೌನ್ ಕೆಳಗೆ ಬರುವಂತೆ ತಲೆಕೆಳಗು ಮಾಡಿ, ಒಳಗೆ ಬಿಳಿ ಟಿಶ್ಯೂ ಕಾಗದ ತುಂಬಿ ಇಡಿ. ಸುದ್ದಿ ಪತ್ರಿಕೆ ಬೇಡ, ಶಾಯಿ ಒಳಗಿನ ಸ್ಯಾಟಿನ್‌ಗೆ ಹತ್ತುತ್ತದೆ. ಪಕ್ಕದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ನುಸಿಗುಳಿಗೆ ಇಡುವುದಾದರೆ ಬಟ್ಟೆಯಲ್ಲಿ ಕಟ್ಟಿ, ಫೆಲ್ಟಿಗೆ ತಾಗದ ಹಾಗೆ ಮೂಲೆಗೆ. ಮಳೆಗಾಲ ಮುಗಿಯುವವರೆಗೂ ಆಗಾಗ ಹೊರಗೆ ತೆಗೆದು ಗಾಳಿ ಆಡಿಸಿ, ಬ್ರಷ್ ಮಾಡಿ ಮತ್ತೆ ಇಡಿ.

ಸಣ್ಣ ತಗ್ಗು ಬಿದ್ದರೆ? ಹೊಸ ಕಾಲದ ಹ್ಯಾಟ್ ಆಗಿದ್ದರೆ ಮಾತ್ರ ಇದನ್ನು ಮಾಡಿ. ಕೆಟಲ್‌ನ ಹಬೆಗೆ ತಗ್ಗಿನ ಒಳಭಾಗವನ್ನು ಒಂದು ಗೇಣು ದೂರದಿಂದ ಕೆಲವೇ ಸೆಕೆಂಡ್ ಹಿಡಿದು, ಚಮಚದ ಉಬ್ಬಿದ ಬೆನ್ನಿನಿಂದ ಒಳಗಿನಿಂದ ಮೆಲ್ಲಗೆ ಒತ್ತಿ. ಒಂದೇ ಸಲಕ್ಕೆ ಏಳಬೇಕು ಅಂತ ಬಲ ಹಾಕಬೇಡಿ, ಹಬೆ ಕೊಡಿ, ಒತ್ತಿ, ಆರಲು ಬಿಡಿ, ಮತ್ತೆ ಮಾಡಿ. ಕುಕ್ಕರಿನ ಹಬೆಗೆ ಹಿಡಿಯಬೇಡಿ, ಅದು ವಿಪರೀತ ಜೋರು. ಒತ್ತುವಾಗ ಚಿಟ್ ಅಂತ ಶಬ್ದ ಬಂದರೆ ಅಲ್ಲಿಗೇ ನಿಲ್ಲಿಸಿ, ಅರಗು ಒಡೆಯುತ್ತಿದೆ.

ವಿಮಾನದಲ್ಲಿ ಹೋಗುವಾಗ ಸೂಟ್‌ಕೇಸಿಗೆ ಹಾಕಬೇಡಿ. ತಲೆಗೆ ಹಾಕಿಕೊಂಡೇ ಹತ್ತಿ, ಕೂತ ಮೇಲೆ ತೊಡೆಯ ಮೇಲೆ ಇಟ್ಟುಕೊಳ್ಳಿ. ಮೇಲಿನ ಕ್ಯಾಬಿನ್ನಿನಲ್ಲಿ ಇಟ್ಟರೆ ಆಮೇಲೆ ಬಂದವರು ಬ್ಯಾಗ್ ತಳ್ಳುತ್ತಾರೆ.

ಎಲ್ಲಕ್ಕಿಂತ ಮೊದಲು ಸವೆಯುವುದು ಸ್ವೆಟ್‌ಬ್ಯಾಂಡ್. ತಿಂಗಳಿಗೊಮ್ಮೆ ಒದ್ದೆ ಬಟ್ಟೆ ಹಿಂಡಿ ಒರೆಸಿ, ನೆರಳಲ್ಲಿ ಒಣಗಿಸಿದರೆ ಬಹಳ ವರ್ಷ ಬರುತ್ತದೆ. ಹರಿದೇ ಹೋದರೆ ಹ್ಯಾಟ್ ಎಸೆಯಬೇಡಿ. ಬ್ಯಾಗ್, ಪರ್ಸ್ ರಿಪೇರಿ ಮಾಡುವ, ಕೈಹೊಲಿಗೆ ಚೆನ್ನಾಗಿ ಬರುವವರ ಹತ್ತಿರ ತೆಗೆದುಕೊಂಡು ಹೋಗಿ. ತೆಳು, ಮೆತ್ತನೆ ಕುರಿ ಚರ್ಮ ಕೇಳಿ, ಹಳೆಯ ಪಟ್ಟಿಯನ್ನೇ ಅಳತೆಗೆ ಕೊಡಿ. ಅಂಟು ಹಾಕಬೇಡಿ, ಹಳೆಯ ಸೂಜಿ ತೂತುಗಳಲ್ಲೇ ದಾರ ಹಾಯಿಸಿ ಹೊಲಿಯಿರಿ ಅಂತ ಮೊದಲೇ ಹೇಳಿ. ಹೊಸ ತೂತು ಹಾಕಿದಷ್ಟೂ ಆ ಜಾಗದಲ್ಲಿ ಫೆಲ್ಟ್ ಹರಿಯುತ್ತದೆ.